ಆನೆ ಹಾವಳಿಯ ಅರ್ಜಿ ಲೋಕಸಭೆಯ ಪ್ರಶ್ನೆಯಾದ ಬಗೆ

ವಿರೋಧ ಪಕ್ಷದ ಸಂಸದರಿಗೆ ಅರ್ಜಿ ಕೊಟ್ಟು ಏನು ಪ್ರಯೋಜನ ಅಂತ ನಮ್ಮ ಕಡೆ ಜನ ಕೇಳುತ್ತಾರೆ. ಅವರ ಕೈಲಿ ಖಾತೆ ಇಲ್ಲ, ಅಧಿಕಾರಿಗಳಿಗೆ ಅವರ ಭಯ ಇಲ್ಲ, ಮಂತ್ರಿಗಳು ಅವರ ಫೋನ್ ಎತ್ತುತ್ತಾರೋ ಇಲ್ಲವೋ. ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು ಭಾಗದ ನಾವು ಕೆಲವರು ಸೇರಿ ಆನೆ ಹಾವಳಿಯ ವಿಚಾರವನ್ನು ಅಂಥ ಒಬ್ಬ ಸಂಸದರ ಮೂಲಕ ಲೋಕಸಭೆಗೆ ಮುಟ್ಟಿಸಿದೆವು. ಅದು ಹೇಗಾಯಿತು, ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿತು, ಕೊನೆಗೆ ಕೈಗೆ ಬಂದದ್ದೇನು ಅಂತ ಬರೆಯುತ್ತಿದ್ದೇನೆ. ಬೇರೆ ಊರಿನವರಿಗೆ, ಬೇರೆ ತೊಂದರೆ ಇರುವವರಿಗೆ ಈ ದಾರಿ ಗೊತ್ತಾಗಲಿ ಅಂತ ನನ್ನ ಆಸೆ.

ಸಂಸದರ ಹೆಸರು, ಪಕ್ಷ, ಕ್ಷೇತ್ರ ಬರೆಯುತ್ತಿಲ್ಲ. ಬರೆದರೆ ಅರ್ಧ ಜನ ಅಲ್ಲಿಗೇ ಓದುವುದು ನಿಲ್ಲಿಸುತ್ತಾರೆ, ಇನ್ನರ್ಧ ಜನ ಜೈಕಾರ ಹಾಕುತ್ತಾರೆ. ನನಗೆ ಎರಡೂ ಬೇಡ.

ನಮ್ಮ ಕಡೆಯ ಪರಿಸ್ಥಿತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಆನೆಗಳು ಕಾಡಿನಿಂದ ಬಂದು ಹೋಗುವ ಕಾಲ ಇಲ್ಲಿ ಯಾವತ್ತೋ ಮುಗಿಯಿತು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಅವು ಕಾಫಿ ತೋಟದಲ್ಲೇ ಇರುತ್ತವೆ. ಮರಿ ಹಾಕುವುದೂ ಅಲ್ಲೇ. ಹಗಲು ಮರದ ನೆರಳಲ್ಲಿ, ಗಿಡಗಳ ಮಧ್ಯೆ ಸದ್ದಿಲ್ಲದೆ ನಿಂತಿರುತ್ತವೆ. ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತವೆ. ದೇಶದಲ್ಲಿ ಅತಿ ಹೆಚ್ಚು ಆನೆ ಇರುವ ರಾಜ್ಯ ನಮ್ಮದು. 2023ರ ಗಣತಿಯಲ್ಲಿ ಕರ್ನಾಟಕದ ಅಂದಾಜು ಸಂಖ್ಯೆ 6,395. ಹೈಕೋರ್ಟ್ ಆದೇಶದ ನಂತರ 2014ರಲ್ಲಿ ಆಲೂರು-ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಸ್ವಲ್ಪ ಕಾಲ ನೆಮ್ಮದಿ. ಆಮೇಲೆ ಆ ಜಾಗಕ್ಕೆ ಬೇರೆ ಆನೆಗಳು ಬಂದವು. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತಿದ್ದು ನಮ್ಮ ಯಸಳೂರು ವಲಯದಲ್ಲೇ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಇಡೀ ರಾಜ್ಯ ಅತ್ತಿತು. ನಾವೂ ಅತ್ತೆವು. ಆನೆಯ ಮೇಲೆ ಇಲ್ಲಿ ಯಾರಿಗೂ ದ್ವೇಷ ಇಲ್ಲ. ಗೌರಿ-ಗಣೇಶನ ಹಬ್ಬ ಮಾಡುವ ಜನ ನಾವು.

ನಮ್ಮದು ನಾಲ್ಕೂವರೆ ಎಕರೆ ರೋಬಸ್ಟಾ ತೋಟ, ಕೆಳಗೆ ಒಂದಿಷ್ಟು ಗದ್ದೆ. ಆನೆ ಹಿಂಡು ಒಂದು ರಾತ್ರಿ ಹಾದು ಹೋದರೆ ಹೇಗಿರುತ್ತದೆ ಅಂತ ಪಟ್ಟಣದವರಿಗೆ ಅಂದಾಜಾಗುವುದಿಲ್ಲ. ನಮ್ಮ ಮಾವನವರು ನೆಟ್ಟ ಗಿಡ ಮೊಣಕಾಲಿನ ಎತ್ತರಕ್ಕೆ ಮುರಿದು, ಕಾಂಡ ಉದ್ದಕ್ಕೂ ಸೀಳಿ ಬಿದ್ದಿರುತ್ತದೆ. ಸೀಳಿದ ಕಡೆ ಒಳಗಿನ ಮರ ಬೆಳ್ಳಗೆ, ಒದ್ದೆಯಾಗಿ ಕಾಣುತ್ತದೆ. ಹಸಿರು ಕಾಯಿ ನೆಲದ ತುಂಬ. ಮೆಣಸಿನ ಬಳ್ಳಿಯನ್ನು ಮರದಿಂದ ಎಳೆದು ಹಾಕಿರುತ್ತವೆ. ಬೈನೆ ಮರ ಕಂಡರೆ ಬಿಡುವುದಿಲ್ಲ, ಸೀಳಿ ಒಳಗಿನ ತಿರುಳು ತಿಂದು ಸಿಪ್ಪೆ ಬಿಟ್ಟಿರುತ್ತವೆ. ಸ್ಪ್ರಿಂಕ್ಲರ್ ಪೈಪು ಚಪ್ಪಟೆ. ಹೆಜ್ಜೆ ಗುರುತಿನಲ್ಲಿ ನೀರು ನಿಂತಿರುತ್ತದೆ. ಹೊಸ ಗಿಡ ಇಟ್ಟರೆ ಸರಿಯಾದ ಫಸಲು ಬರಲು ನಾಲ್ಕೈದು ವರ್ಷ ಬೇಕು. ಪರಿಹಾರ ಕೊಡುವಾಗ ಬಿದ್ದ ಗಿಡ ಎಣಿಸುತ್ತಾರೆ. ಬರಬೇಕಿದ್ದ ಆ ವರ್ಷಗಳನ್ನು ಯಾರೂ ಎಣಿಸುವುದಿಲ್ಲ.

ಇದಕ್ಕೆ ಅರಣ್ಯ ಇಲಾಖೆಯ ಇ-ಪರಿಹಾರ ಅಂತ ಒಂದು ವ್ಯವಸ್ಥೆ ಇದೆ. ಫೋಟೊ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಕೊಡಬೇಕು. ಸಿಬ್ಬಂದಿ ಬಂದು ಮಹಜರು ಮಾಡುತ್ತಾರೆ. ಕೆಳಹಂತದ ಆ ಹುಡುಗರ ಮೇಲೆ ನನಗೆ ದೂರಿಲ್ಲ, ರಾತ್ರಿಯಿಡೀ ಆನೆ ಹಿಂದೆ ಓಡಾಡಿ ಬೆಳಗ್ಗೆ ಮಹಜರಿಗೆ ಬರುತ್ತಾರೆ. ತೊಡಕು ಇರುವುದು ಕಾಗದದಲ್ಲಿ. ಮಲೆನಾಡಿನಲ್ಲಿ ಎಷ್ಟೋ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇವೆ. ಪೌತಿ ಖಾತೆ ಆಗಿಲ್ಲ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬಂದಿಲ್ಲ, ಇಲ್ಲವೇ ಜಂಟಿ ಖಾತೆ. ಅಣ್ಣತಮ್ಮಂದಿರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮಾತು ಬಿಟ್ಟಿದ್ದಾರೆ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ನಾನು ಹಿಂದೆ ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದೆ. ಹಾಗಾಗಿ ಊರವರು ಇಂಥ ಕಾಗದ ಹಿಡಿದು ನಮ್ಮ ಮನೆಗೇ ಬರುತ್ತಾರೆ. ಧರಣಿ ಮಾಡಿ ಆಗಿತ್ತು, ರಸ್ತೆ ತಡೆ ಆಗಿತ್ತು, ಮನವಿ ಪತ್ರ ಕೊಟ್ಟು ಫೋಟೊ ತೆಗೆಸಿಕೊಂಡೂ ಆಗಿತ್ತು. ಪ್ರತಿ ಸಲವೂ ಒಂದೇ ಮಾತು: ಇದು ಕೇಂದ್ರದ ಕಾನೂನು, ನಮ್ಮ ಕೈಲಿಲ್ಲ. ಕೇಂದ್ರದವರನ್ನು ಕೇಳಿದರೆ, ಇದು ರಾಜ್ಯದ ಜವಾಬ್ದಾರಿ. ಹಾಗಾದರೆ ಕೇಂದ್ರ ಸರ್ಕಾರವೇ ಬರವಣಿಗೆಯಲ್ಲಿ ಹೇಳಲಿ, ಯಾವುದು ಯಾರ ಪಾಲು ಅಂತ. ನಮ್ಮ ಸಂಘದ ಸಭೆಯಲ್ಲಿ ಈ ಮಾತು ಎದ್ದಿದ್ದೇ ಎಲ್ಲದಕ್ಕೂ ಶುರು.

ಆಗ ಒಬ್ಬ ಹಿರಿಯರು 1978ರ ಕಥೆ ತೆಗೆದರು. ಆ ವರ್ಷ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರು ಉಪಚುನಾವಣೆ ಗೆದ್ದರು. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟಿದ್ದರು. ದೆಹಲಿಯಲ್ಲಿ ಜನತಾ ಪಕ್ಷದ ಸರ್ಕಾರ, ಆಯಮ್ಮ ವಿರೋಧ ಪಕ್ಷದಲ್ಲಿ. ದೇಶವೇ ಮಲೆನಾಡಿನ ಕಡೆ ನೋಡಿತು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಸದನದಿಂದಲೇ ಉಚ್ಚಾಟಿಸಿತು. "ಅಷ್ಟು ದೊಡ್ಡ ಹೆಂಗಸನ್ನು ಗೆಲ್ಲಿಸಿ ಕಳಿಸಿದೆವು, ನಮ್ಮ ಕಾಫಿ ವಿಷಯ ಅಲ್ಲಿಗೆ ಮುಟ್ಟಲೇ ಇಲ್ಲ" ಅಂದರು ಹಿರಿಯರು. ಅವರ ಮಾತಿನ ಅರ್ಥ, ದೊಡ್ಡ ಹೆಸರಿನ ಸಂಸದರಿಗಿಂತ ಪಟ್ಟು ಹಿಡಿದು ಕೂರುವ ಸಂಸದರು ನಮಗೆ ಬೇಕು ಅಂತ. ನನಗೂ ಅದು ಸರಿ ಅನಿಸಿತು.

ಆಡಳಿತ ಪಕ್ಷದವರ ಹತ್ತಿರವೂ ಹೋಗಬಹುದಿತ್ತು, ಹೋಗಿಯೂ ಇದ್ದೆವು. ಆದರೆ ಅವರಿಗೆ ಅವರದೇ ಮಂತ್ರಿಯನ್ನು ಸದನದಲ್ಲಿ ನಿಲ್ಲಿಸಿ ಕೇಳುವುದು ಕಷ್ಟ. ನಾನು ಮಾತಾಡಿಸುತ್ತೇನೆ, ಪತ್ರ ಬರೆಯುತ್ತೇನೆ ಅನ್ನುತ್ತಾರೆ. ವಿರೋಧ ಪಕ್ಷದವರಿಗೆ ಮಂತ್ರಿಯ ಕೋಣೆಯ ಬಾಗಿಲು ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ. ಅವರಿಗಿರುವ ದಾರಿ ಪ್ರಶ್ನೆ ಕೇಳುವುದೇ. ಹಾಗಾಗಿ ಅವರು ಅದನ್ನು ಚೆನ್ನಾಗಿ ಕಲಿತಿರುತ್ತಾರೆ.

ಆ ಸಂಸದರು ಹಾಸನಕ್ಕೆ ಬಂದಾಗ ಪ್ರವಾಸಿ ಮಂದಿರದಲ್ಲಿ ಭೇಟಿಯಾದೆವು. ನಾವು ಏಳೆಂಟು ಜನ. ಹಾರ, ಶಾಲು ತಂದಿದ್ದವರನ್ನು ನೋಡಿ ಅವರು ಮೊದಲು ಕೇಳಿದ್ದು, "ಕಾಗದ ಏನು ತಂದಿದೀರಿ?" ನಮ್ಮ ಮನವಿ ಪತ್ರ ಓದಿದರು. ಪೂರ್ತಿ ಓದಿದರು, ಅದು ನನಗೆ ಇಷ್ಟವಾಯಿತು. ಆಮೇಲೆ ಹೇಳಿದರು: "ಅಮ್ಮಾ, ನಿಮ್ಮ ಕಷ್ಟ ಅರ್ಥ ಆಯ್ತು. ಆದರೆ ಇದರಲ್ಲಿ ಕೇಳೋಕೆ ಒಂದು ಪ್ರಶ್ನೆನೂ ಇಲ್ಲ. ನನ್ನ ಹುಡುಗನ ಜೊತೆ ಕೂತು ಮಾತಾಡಿ."

ಹುಡುಗ ಅಂದರೆ ಅವರ ಸಂಸದೀಯ ಸಹಾಯಕ. ಕಾನೂನು ಓದಿದವನು, ಬಯಲುಸೀಮೆ ಕಡೆಯವನು, ಕಾಫಿ ಗಿಡವನ್ನು ಹತ್ತಿರದಿಂದ ನೋಡಿದ್ದೇ ಆಗ ಅಂದ. ಆದರೆ ಲೋಕಸಭೆಯ ನಿಯಮ ಅವನಿಗೆ ಬಾಯಿಪಾಠ. ಅವನು ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಸದಸ್ಯರು ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ. ಲೋಕಸಭೆಯಲ್ಲಿ ದಿನಕ್ಕೆ ಮೊದಲ ಬಗೆಯವು 20, ಎರಡನೆಯವು 230. ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು. ದೇಶದ ಮೂಲೆಮೂಲೆಯಿಂದ ಸದಸ್ಯರು ನೋಟಿಸ್ ಕೊಡುತ್ತಾರೆ, ಅದಕ್ಕೇ ಲಾಟರಿ ಎತ್ತಿ ಸರದಿ ನಿರ್ಧಾರ ಮಾಡುತ್ತಾರೆ. ಒಂದೊಂದು ಸಚಿವಾಲಯಕ್ಕೆ ವಾರದಲ್ಲಿ ಒಂದೊಂದು ದಿನ ಗೊತ್ತು ಮಾಡಿರುತ್ತಾರೆ. ಪ್ರಶ್ನೆ 150 ಪದ ದಾಟಬಾರದು. ಅದರಲ್ಲಿ ವಾದ ಇರಬಾರದು, ಆರೋಪ ಇರಬಾರದು, ಚುಚ್ಚುಮಾತು ಇರಬಾರದು.

ಈ ಕೊನೆಯ ನಿಯಮಕ್ಕೆ ನಮ್ಮ ಕರಡು ಪೂರ್ತಿ ಬಿದ್ದುಹೋಯಿತು. "ರೈತರ ಪ್ರಾಣ ಹೋಗುತ್ತಿದ್ದರೂ ಸರ್ಕಾರ ಕಣ್ಣು ಮುಚ್ಚಿ ಕುಳಿತಿರುವುದೇಕೆ" ಅಂತ ಬರೆದಿದ್ದೆವು. ಆ ಹುಡುಗ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು ಹಾಕಿದ. ನಮ್ಮ ಜೊತೆ ಬಂದಿದ್ದ ಒಬ್ಬರಿಗೆ ಸಿಟ್ಟು ಬಂತು. ಅವರ ಅಣ್ಣನನ್ನು ಆನೆ ತುಳಿದಿತ್ತು. "ಇಷ್ಟೂ ಹೇಳಬಾರದು ಅಂದ್ರೆ ಲೋಕಸಭೆ ಯಾಕೆ ಬೇಕು?" ಅಂದರು. ಹುಡುಗ ಜೋರು ಮಾಡಲಿಲ್ಲ. "ಅಣ್ಣಾ, ಕಣ್ಣು ಮುಚ್ಚಿಲ್ಲ ಅಂತ ಒಂದು ಸಾಲು ಉತ್ತರ ಕೊಟ್ಟು ಮುಗಿಸಿಬಿಡ್ತಾರೆ. ಎಷ್ಟು ಜನ ಸತ್ತರು, ಎಷ್ಟು ದುಡ್ಡು ಕೊಟ್ಟಿರಿ, ಎಷ್ಟು ಅರ್ಜಿ ಬಾಕಿ ಅಂತ ಕೇಳಿದರೆ ಅಂಕಿ ಕೊಡಲೇಬೇಕು. ಸಿಟ್ಟು ಶೂನ್ಯ ವೇಳೆಗೆ ಇಟ್ಕೊಳೋಣ" ಅಂದ. ಶೂನ್ಯ ವೇಳೆ ಅಂದರೆ ಸದಸ್ಯರು ತುರ್ತು ವಿಷಯಗಳನ್ನು ಎತ್ತುವ ಹೊತ್ತು. ಅವರು ಸುಮ್ಮನಾದರು. ಆಮೇಲೆ ಅಣ್ಣನ ಕಾಗದಪತ್ರ ಎಲ್ಲ ತಂದುಕೊಟ್ಟವರೂ ಅವರೇ.

ಯಾವ ಸಚಿವಾಲಯಕ್ಕೆ ಕೇಳಬೇಕು ಅನ್ನುವುದೇ ಒಂದು ದೊಡ್ಡ ಚರ್ಚೆ ಆಯಿತು. ಕಾಫಿ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ, 1942ರ ಕಾಫಿ ಕಾಯ್ದೆಯ ಪ್ರಕಾರ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಕರ್ನಾಟಕದ್ದು, ಬೆಳೆಗಾರರಲ್ಲಿ ಬಹುಪಾಲು ನಮ್ಮಂಥ ಸಣ್ಣವರು. ಹಾಗಾಗಿ ವಾಣಿಜ್ಯದವರನ್ನೇ ಕೇಳೋಣ ಅಂತ ನಮ್ಮ ಮನಸ್ಸಿನಲ್ಲಿತ್ತು. ಅವರು ಆನೆ ನಮ್ಮದಲ್ಲ ಅನ್ನುತ್ತಾರೆ, ಪರಿಸರ, ಅರಣ್ಯ ಸಚಿವಾಲಯಕ್ಕೇ ಹೋಗಬೇಕು ಅಂತ ಹುಡುಗ ಹೇಳಿದ. ಆದರೆ ಅಲ್ಲೂ ಒಂದು ಅಪಾಯ ಇತ್ತು. ರಾಜ್ಯಕ್ಕೆ ಸೇರಿದ ವಿಷಯ ಅಂತ ಪ್ರಶ್ನೆಯನ್ನೇ ತಿರಸ್ಕರಿಸಬಹುದು. ಅರಣ್ಯ ಮತ್ತು ವನ್ಯಜೀವಿ ರಕ್ಷಣೆ 1976ರ 42ನೇ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಗೆ ಬಂದಿವೆ. ಅಂದರೆ ಕೇಂದ್ರಕ್ಕೂ ಹೊಣೆ ಇದೆ. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. 1992ರಿಂದ ಕೇಂದ್ರದ್ದೇ ಆನೆ ಯೋಜನೆ ಇದೆ. ಇವೆಲ್ಲ ಪ್ರಶ್ನೆಯೊಳಗೇ ಬರುವಂತೆ ಮಾಡಬೇಕಿತ್ತು.

ಇನ್ನು ಮಾಹಿತಿ. ಸಂಸದರು ಕಟ್ಟುನಿಟ್ಟಾಗಿ ಹೇಳಿದ್ದರು, ಪತ್ರಿಕೆಯ ತುಣುಕು ತರಬೇಡಿ, ಅರ್ಜಿಯ ಪ್ರತಿ ತನ್ನಿ ಅಂತ. ಮನೆಮನೆಗೆ ಹೋದೆವು. ಇ-ಪರಿಹಾರದ ಸ್ವೀಕೃತಿ, ಮಹಜರಿನ ಪ್ರತಿ, ಬಂದ ಹಣದ ಬ್ಯಾಂಕ್ ನಮೂದು, ಬಾರದಿದ್ದರೆ ಕಾರಣ. ಮಳೆಗಾಲ ಬೇರೆ. ಹಾನುಬಾಳು ಕಡೆ ಕರೆಂಟ್ ಇರಲಿಲ್ಲ, ಜೆರಾಕ್ಸ್‌ಗೆ ಸಕಲೇಶಪುರಕ್ಕೇ ಬರಬೇಕಿತ್ತು. ಜನ ಕಾಗದ ಇಟ್ಟುಕೊಳ್ಳುವುದು ಎಲ್ಲೆಲ್ಲೋ. ಅಟ್ಟದ ಮೇಲಿನ ಟ್ರಂಕಿನಲ್ಲಿ, ದೇವರ ಪಟದ ಹಿಂದೆ, ಗೊಬ್ಬರದ ಚೀಲದಲ್ಲಿ ಸುತ್ತಿ.

ಈ ಓಡಾಟದಲ್ಲೇ ಒಂದು ತೋಟದ ಕೂಲಿಯವರು ಇರುವ ಲೈನ್ ಮನೆಯ ಹತ್ತಿರ ಒಬ್ಬ ಹೆಂಗಸು ನನ್ನನ್ನು ತಡೆದು ನಿಲ್ಲಿಸಿದಳು. ಕೂಲಿ ಕೆಲಸದವಳು, ಎರಡು ಮಕ್ಕಳ ತಾಯಿ. ಎಲ್ಲರ ಮನೆಗೂ ಹೋಗುತ್ತಿದ್ದೀರಿ, ನಮ್ಮನ್ನು ಏನೂ ಕೇಳಲಿಲ್ಲವಲ್ಲ ಅಂದಳು. "ಅಕ್ಕಾ, ಗಿಡ ಮುರಿದರೆ ಪಹಣಿ ಇರೋರಿಗೆ ದುಡ್ಡು ಬರ್ತದೆ. ತೋಟದಲ್ಲಿ ಆನೆ ಇದೆ, ಇವತ್ತು ಕೆಲಸಕ್ಕೆ ಬರಬೇಡಿ ಅಂತ ಮೆಸೇಜ್ ಬರ್ತದಲ್ಲ, ಆ ದಿನದ ಕೂಲಿ ನಮಗೆ ಯಾರು ಕೊಡ್ತಾರೆ?"

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಮೊಬೈಲಿಗೆ ಮೆಸೇಜ್ ಹಾಕುತ್ತಾರೆ. ಒಳ್ಳೆಯ ಕೆಲಸ, ಎಷ್ಟೋ ಜೀವ ಉಳಿದಿದೆ. ಮೆಸೇಜ್ ಬಂದ ದಿನ ತೋಟದವರು ಕೆಲಸ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ. ಕೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆನೆ ಹಿಂಡು ಒಂದೇ ಕಡೆ ವಾರಗಟ್ಟಲೆ ನಿಂತರೆ ಲೈನ್ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ಇದು ಯಾವ ಅರ್ಜಿಯಲ್ಲೂ ಇಲ್ಲ, ಯಾವ ಅಂಕಿಯಲ್ಲೂ ಇಲ್ಲ.

ನಮ್ಮ ಸಂಘದಲ್ಲಿ ಇದನ್ನು ಸೇರಿಸಬೇಕು ಅಂದಾಗ ಕೆಲವರಿಗೆ ಹಿಡಿಸಲಿಲ್ಲ. ಕೊನೆಗೆ ಆ ಕೂಲಿಯನ್ನು ನಾವೇ ಕೊಡಬೇಕಾಗಿ ಬಂದರೆ ಅನ್ನುವ ಭಯ. ಸಣ್ಣ ಬೆಳೆಗಾರರ ಭಯ ಸುಳ್ಳಲ್ಲ, ನಮಗೂ ಸಾಲ ಇದೆ. ಸಂಸದರಿಗೆ ಫೋನ್ ಮಾಡಿ ಹೇಳಿದೆ. ಅವರು ಒಂದು ನಿಮಿಷ ಯೋಚನೆ ಮಾಡಲಿಲ್ಲ. "ಅದನ್ನೇ ಮೊದಲು ಹಾಕಿ. ಸತ್ತವರಲ್ಲಿ ಎಷ್ಟು ಜನ ತೋಟದ ಕೂಲಿಯವರು ಅಂತಲೂ ಬರೆದು ತನ್ನಿ" ಅಂದರು. ಬರೆದೆವು. ನಮ್ಮ ಪಟ್ಟಿಯಲ್ಲಿದ್ದ ಸಾವುಗಳಲ್ಲಿ ಕೂಲಿಯವರೇ ಜಾಸ್ತಿ ಇದ್ದರು. ಬೆಳಗಿನ ಜಾವ ಕೆಲಸಕ್ಕೆ ನಡೆದು ಹೋಗುವಾಗ ಆದ ಸಾವುಗಳು. ಹೊರ ರಾಜ್ಯದಿಂದ ಬಂದವರ ಮನೆಯವರಿಗಂತೂ ವಾರಸುದಾರರ ಪತ್ರ ಮಾಡಿಸುವುದೇ ಒಂದು ಯುದ್ಧ.

ಪ್ರಶ್ನೆ ಕೊನೆಗೆ ಒಂದು ರೂಪಕ್ಕೆ ಬಂತು. ಅದರಲ್ಲಿ ಐದು ಭಾಗ. ಹಾಸನ, ಚಿಕ್ಕಮಗಳೂರು, ಕೊಡಗಿನ ಕಾಫಿ ಪ್ರದೇಶದಲ್ಲಿ ಆನೆಯಿಂದ ಆದ ಸಾವು ಮತ್ತು ಬೆಳೆ ಹಾನಿಯ ವಿವರ ಏನು. ಕೇಂದ್ರದಿಂದ ಕೊಟ್ಟ ನೆರವು ಎಷ್ಟು. ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಪರಿಹಾರದ ದರ ನಿಗದಿ ಮಾಡುವವರು ಯಾರು. ಆನೆ ಇರುವ ಕಾರಣ ಕೆಲಸ ನಿಂತ ದಿನಗಳ ಕೂಲಿಗೆ ಯಾವುದಾದರೂ ಯೋಜನೆ ಇದೆಯೇ. ಇಲ್ಲದಿದ್ದರೆ ಮಾಡುವ ಆಲೋಚನೆ ಇದೆಯೇ. ಎಲ್ಲ ಸೇರಿ 150 ಪದದೊಳಗೆ. ನಮ್ಮ ಕಷ್ಟವೆಲ್ಲ ಇಷ್ಟೇನಾ ಅನಿಸಿತು. ಆದರೆ ಓದಿದಷ್ಟೂ ಗಟ್ಟಿ ಅನಿಸಿತು, ಒಂದು ಪದವನ್ನೂ ತೆಗೆಯುವ ಹಾಗಿರಲಿಲ್ಲ.

ಮೊದಲ ಅಧಿವೇಶನದಲ್ಲಿ ಲಾಟರಿಯಲ್ಲಿ ಹೆಸರು ಬರಲಿಲ್ಲ. ಸಂಸದರು ಬಿಡಲಿಲ್ಲ, ಮುಂದಿನ ಅಧಿವೇಶನದಲ್ಲಿ ಮತ್ತೆ ಮತ್ತೆ ನೋಟಿಸ್ ಕೊಟ್ಟರು. ಕೊನೆಗೆ ಒಂದು ದಿನ ಹುಡುಗನಿಂದ ವಾಟ್ಸಾಪ್ ಬಂತು: ಚುಕ್ಕೆ ಗುರುತಿನ ಪ್ರಶ್ನೆಯಾಗಿ ಸಿಕ್ಕಿದೆ, ಮೇಲಿನ ಕ್ರಮಸಂಖ್ಯೆಯೇ ಬಂದಿದೆ. ಅದೊಂದು ದೊಡ್ಡ ವಿಷಯ. ಪ್ರಶ್ನೋತ್ತರಕ್ಕೆ ಇರುವುದು 11ರಿಂದ 12ರವರೆಗೆ ಒಂದು ಗಂಟೆ. 20 ಪ್ರಶ್ನೆ ಪಟ್ಟಿಯಲ್ಲಿದ್ದರೂ ಬಾಯಿಮಾತಿನ ಉತ್ತರಕ್ಕೆ ಐದಾರು ಬಂದರೆ ಹೆಚ್ಚು. ಕೆಳಗಿನವಕ್ಕೆ ಬರವಣಿಗೆಯ ಉತ್ತರ ಮಾತ್ರ ಸಿಗುತ್ತದೆ. ಉಪಪ್ರಶ್ನೆಗೆಂದು ರಾತ್ರಿ ಫೋನಿನಲ್ಲೇ ತಯಾರಿ ನಡೆಯಿತು. ಮಂತ್ರಿ ರಾಜ್ಯದ ಮೇಲೆ ಹಾಕಿದರೆ ಏನು ಕೇಳಬೇಕು, ಆನೆ ಯೋಜನೆಯ ಹಣದ ಮಾತು ಬಂದರೆ ಏನು ಕೇಳಬೇಕು ಅಂತ. ಕೂಲಿಯ ವಿಷಯ ಕನ್ನಡದಲ್ಲೇ ಕೇಳುತ್ತೇನೆ ಅಂದರು ಸಂಸದರು. ಅದಕ್ಕೆ ಮೊದಲೇ ತಿಳಿಸಿದರೆ ಅನುವಾದಕರು ಇರುತ್ತಾರೆ.

ಆ ಬೆಳಗ್ಗೆ ನಮ್ಮ ಮನೆಯ ಹಜಾರ ತುಂಬಿತ್ತು. ಸಂಸದ್ ಟಿ.ವಿ. ಹಾಕಿದೆವು. ಲೈನ್ ಮನೆಯ ಆ ಹೆಂಗಸೂ ಬಂದಿದ್ದಳು, ಬಾಗಿಲ ಹತ್ತಿರ ನಿಂತವಳನ್ನು ನಾನೇ ಒಳಗೆ ಕರೆದು ಕೂರಿಸಿದೆ. 11 ಗಂಟೆಗೆ ಸಭಾಧ್ಯಕ್ಷರು ಬಂದರು. ಮೊದಲ ಪ್ರಶ್ನೆಯ ಹೆಸರು ಕರೆಯುತ್ತಿದ್ದ ಹಾಗೇ ಗದ್ದಲ ಶುರುವಾಯಿತು. ಬೇರೆ ಯಾವುದೋ ರಾಷ್ಟ್ರೀಯ ವಿಷಯಕ್ಕೆ ಚರ್ಚೆ ಬೇಕು ಅಂತ ವಿರೋಧ ಪಕ್ಷದವರು ಫಲಕ ಹಿಡಿದು ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿದರು. ನಮ್ಮ ಪ್ರಶ್ನೆ ಕೇಳಬೇಕಿದ್ದ ಸಂಸದರ ಪಕ್ಷದವರೂ ಅದರಲ್ಲಿದ್ದರು. ಕೆಲವೇ ನಿಮಿಷದಲ್ಲಿ ಸದನ 12ಕ್ಕೆ ಮುಂದೂಡಿತು. ಪ್ರಶ್ನೋತ್ತರ ವೇಳೆ ಮುಗಿದೇ ಹೋಯಿತು.

ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ಕಾಫಿ ಮಾಡಿ ಕೊಟ್ಟೆ, ಕುಡಿದು ಎದ್ದು ಹೋದರು.

ಈ ಬಗ್ಗೆ ನನಗೆ ಆಗಲೂ ನೋವಾಯಿತು, ಈಗಲೂ ಇದೆ. ಸಂಜೆ ಸಂಸದರೇ ಫೋನ್ ಮಾಡಿದರು. ನಾನು ಮುಚ್ಚುಮರೆ ಇಲ್ಲದೆ ಕೇಳಿದೆ: ನಿಮ್ಮ ಪಕ್ಷದವರೇ ಗಲಾಟೆ ಮಾಡಿದರೆ ನಮ್ಮ ಪ್ರಶ್ನೆ ಏನಾಗಬೇಕು ಸಾರ್? ಅವರು ಜಾರಿಕೊಳ್ಳಲಿಲ್ಲ. ಅವರು ಹೇಳಿದ್ದರ ಸಾರ ಇಷ್ಟು. ಚರ್ಚೆಗೆ ಅವಕಾಶ ಕೊಡದಿದ್ದಾಗ ವಿರೋಧ ಪಕ್ಷಕ್ಕೆ ಉಳಿಯುವ ದಾರಿ ಪ್ರತಿಭಟನೆ. ಅದು ತಪ್ಪಲ್ಲ. ಆದರೆ ಪ್ರಶ್ನೋತ್ತರ ವೇಳೆ ಬಿಟ್ಟು ಬೇರೆ ಹೊತ್ತಿನಲ್ಲಿ ಮಾಡೋಣ ಅಂತ ಪಕ್ಷದ ಸಭೆಯಲ್ಲಿ ಹೇಳಿ ಸೋತಿದ್ದೇನೆ. ನನ್ನ ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತೇನೆ. ಪ್ರಶ್ನೋತ್ತರ ವೇಳೆ ಸರ್ಕಾರದ ಸ್ವತ್ತಲ್ಲ, ಅದು ವಿರೋಧ ಪಕ್ಷದ ಸ್ವತ್ತು, ನಮ್ಮಂಥವರ ಸ್ವತ್ತು. ಅದು ಹಾಳಾದ ದಿನ ಮಂತ್ರಿಗಳಿಗೆ ನಷ್ಟವೇನೂ ಇಲ್ಲ, ಅವರಿಗೆ ಉತ್ತರ ಹೇಳುವುದು ತಪ್ಪುತ್ತದೆ. ವಿರೋಧ ಪಕ್ಷದ ನಾಯಕರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. ಹಾಗೆಯೇ ಸರ್ಕಾರವೂ ಚರ್ಚೆ ಕೇಳಿದಾಗ ಕೊಟ್ಟರೆ ಬಾವಿಗೆ ಇಳಿಯುವ ಪ್ರಮೇಯವೇ ಬರುವುದಿಲ್ಲ ಅಲ್ವಾ?

ಒಂದು ಸಮಾಧಾನ ಏನೆಂದರೆ ಉತ್ತರ ಮಾತ್ರ ತಪ್ಪಲಿಲ್ಲ. ಬಾಯಿಮಾತಿನಲ್ಲಿ ಬಾರದ ಪ್ರಶ್ನೆಗಳ ಉತ್ತರವನ್ನೂ ಸದನದ ಮುಂದೆ ಇಟ್ಟಂತೆ ಲೆಕ್ಕ. ಸಂಜೆ ಹೊತ್ತಿಗೆ ಹುಡುಗ ಪಿ.ಡಿ.ಎಫ್. ಕಳಿಸಿದ. ಯಾರು ಬೇಕಾದರೂ ಸಂಸತ್ತಿನ ಜಾಲತಾಣದಲ್ಲಿ ಇಂಥ ಉತ್ತರ ತೆಗೆದು ಓದಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಉತ್ತರ ಶುರುವಾಗುವುದೇ ವನ್ಯಜೀವಿಗಳ ನಿರ್ವಹಣೆ ಮುಖ್ಯವಾಗಿ ರಾಜ್ಯಗಳ ಹೊಣೆ ಅನ್ನುವ ಮಾತಿನಿಂದ. ಅದು ನಿರೀಕ್ಷೆ ಇದ್ದದ್ದೇ. ಕೆಳಗೆ ನೆರವಿನ ವಿವರ ಇತ್ತು. ಕಾಡುಪ್ರಾಣಿಯಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ. 2023ರ ಡಿಸೆಂಬರ್‌ನಲ್ಲಿ 5 ಲಕ್ಷದಿಂದ ಏರಿಸಿದ್ದು. ಗಂಭೀರ ಗಾಯಕ್ಕೆ 2 ಲಕ್ಷ. ಸಣ್ಣ ಗಾಯದ ಚಿಕಿತ್ಸೆಗೆ 25,000ದವರೆಗೆ. ಇದಾದ ಮೇಲಿನ ಸಾಲು ನಮಗೆ ಬೇಕಾಗಿದ್ದದ್ದು: ಆಸ್ತಿ ಮತ್ತು ಬೆಳೆ ಹಾನಿಗೆ ರಾಜ್ಯ ಸರ್ಕಾರಗಳು ತಾವೇ ನಿಗದಿ ಮಾಡಿದ ದರ ಅನುಸರಿಸಬಹುದು. ಕಾಫಿ ಗಿಡಕ್ಕೆ ಎಷ್ಟು ಅಂತ ತೀರ್ಮಾನ ಮಾಡಲು ಕೇಂದ್ರದ ಅಡ್ಡಿ ಇಲ್ಲ ಅಂತ ಕೇಂದ್ರವೇ ಬರೆದುಕೊಟ್ಟ ಹಾಗಾಯಿತು. ಕೂಲಿಯ ಪ್ರಶ್ನೆಗೆ ಮಾತ್ರ ನೇರ ಉತ್ತರ ಇರಲಿಲ್ಲ. ತಾಲ್ಲೂಕುವಾರು ವಿವರಕ್ಕೆ, ಮಾಹಿತಿ ಸಂಗ್ರಹಿಸಲಾಗುತ್ತಿದೆ ಅಂತಿತ್ತು.

ಅದನ್ನು ಓದಿ ನಾನು ಬೇಜಾರು ಮಾಡಿಕೊಂಡಿದ್ದೆ. ಹುಡುಗ ಮಾತ್ರ ಖುಷಿಯಲ್ಲಿದ್ದ. ಮಾಹಿತಿ ಸಂಗ್ರಹಿಸಿ ಕೊಡುತ್ತೇವೆ ಅಂದರೆ ಅದು ಸದನಕ್ಕೆ ಕೊಟ್ಟ ಭರವಸೆ. ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಮೂರು ತಿಂಗಳೊಳಗೆ ಭರವಸೆ ಈಡೇರಿಸಬೇಕು, ಆಗದಿದ್ದರೆ ಸಮಿತಿಗೆ ಕಾರಣ ಹೇಳಿ ಸಮಯ ಕೇಳಬೇಕು. ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಹಾಸನಕ್ಕೆ, ಅಲ್ಲಿಂದ ವಲಯ ಕಚೇರಿಗೆ ಆ ಪತ್ರ ಇಳಿದು ಬಂತು. ನಮ್ಮ ಬಾಕಿ ಅರ್ಜಿಗಳ ಫೈಲನ್ನು ಕಚೇರಿಯವರು ಕಪಾಟಿನಿಂದ ಹೊರಗೆ ತೆಗೆದಿದ್ದು ಆಗಲೇ. ಕೆಲವರಿಗೆ ಹಣ ಬಂತು. ಪೌತಿ ಖಾತೆ ಆಗದವರದ್ದು ಹಾಗೇ ಇದೆ.

ಸಂಸದರು ಅಷ್ಟಕ್ಕೇ ನಿಲ್ಲಿಸಲಿಲ್ಲ. ನಿಯಮ 377ರ ಅಡಿ 250 ಪದದ ಹೇಳಿಕೆ ಕೊಟ್ಟರು. ಇದಕ್ಕೆ ಮಂತ್ರಿ ಸದನದಲ್ಲಿ ಉತ್ತರ ಹೇಳುವುದಿಲ್ಲ, ಆಮೇಲೆ ಪತ್ರದಲ್ಲಿ ಬರೆಯುತ್ತಾರೆ. ಶೂನ್ಯ ವೇಳೆಗೂ ಬೆಳಗ್ಗೆ 10ರೊಳಗೆ ನೋಟಿಸ್ ಕೊಟ್ಟು ಕಾದರು. ಒಂದು ದಿನ ಸರದಿ ಸಿಕ್ಕಿತು. ಸಿಕ್ಕಿದ್ದು ಒಂದೆರಡು ನಿಮಿಷ. ಅದರಲ್ಲಿ ಲೈನ್ ಮನೆಯ ಹೆಂಗಸು ಕೇಳಿದ ಮಾತನ್ನು ಇದ್ದ ಹಾಗೇ ಕನ್ನಡದಲ್ಲಿ ಕೇಳಿದರು. ಆ ದಿನದ ಕೂಲಿ ಯಾರು ಕೊಡ್ತಾರೆ ಅಂತ. ಖಾಲಿ ಕುರ್ಚಿಗಳೇ ಜಾಸ್ತಿ ಕಾಣುತ್ತಿದ್ದವು. ಪರವಾಗಿಲ್ಲ. ಅದು ಲೋಕಸಭೆಯ ನಡಾವಳಿಯಲ್ಲಿ ದಾಖಲಾಗಿದೆ. ನಾನು ಆ ವಿಡಿಯೊ ತುಣುಕನ್ನು ಅವಳಿಗೆ ತೋರಿಸಿದೆ. ಎರಡು ಸಲ ಹಾಕಿಸಿಕೊಂಡು ನೋಡಿದಳು. "ನಾನು ಹೇಳಿದ್ದೇ ಹೇಳಿದ್ರಲ್ಲ ಅಕ್ಕಾ" ಅಂದಳು. ಆಮೇಲೆ ಕೇಳಿದಳು, "ಸರಿ, ಕೊಡ್ತಾರಂತಾ?"

ಇನ್ನೂ ಕೊಟ್ಟಿಲ್ಲ. ಈಗ ನಾವು ಮಾಡುತ್ತಿರುವುದು ಎರಡು ಕೆಲಸ. ಬೆಳೆ ಹಾನಿಯ ದರ ರಾಜ್ಯದ್ದೇ ಅನ್ನುವ ಆ ಉತ್ತರದ ಪ್ರತಿಯನ್ನು ಜಿಲ್ಲೆಯ ಶಾಸಕರಿಗೆಲ್ಲ ಕೊಟ್ಟಿದ್ದೇವೆ, ವಿಧಾನಸಭೆಯಲ್ಲಿ ಕೇಳಿ ಅಂತ. ಅಲ್ಲಿ ವಿರೋಧ ಪಕ್ಷದಲ್ಲಿ ಇರುವವರು ಬೇರೆಯವರು, ಅವರಿಗೂ ಕೊಟ್ಟಿದ್ದೇವೆ. ಕೂಲಿಯ ವಿಷಯಕ್ಕೆ ಮುಂದಿನ ನೋಟಿಸ್ ಕಾರ್ಮಿಕ ಸಚಿವಾಲಯಕ್ಕೆ ಹೋಗುತ್ತದೆ. ಅದಕ್ಕೆ ಲೆಕ್ಕ ಬೇಕು. ಆನೆ ಇದೆ ಅಂತ ಕೆಲಸ ನಿಂತ ದಿನ ಯಾವುದು, ಯಾವ ತೋಟ, ಎಷ್ಟು ಜನ, ಎಷ್ಟು ಕೂಲಿ ಹೋಯಿತು ಅಂತ ಈ ಕೊಯ್ಲಿನಿಂದ ಪ್ರತಿ ಲೈನ್ ಮನೆಯಲ್ಲೂ ಒಂದು ಪುಸ್ತಕ ಇಟ್ಟಿದ್ದೇವೆ. ಬರೆಯುವ ಜವಾಬ್ದಾರಿ ಅಲ್ಲಿನ ಹೈಸ್ಕೂಲ್ ಮಕ್ಕಳದ್ದು. ಬೇಲೂರು, ಆಲೂರು, ಮೂಡಿಗೆರೆ ಕಡೆಯ ಸಂಘದವರು ಯಾರಾದರೂ ಇದನ್ನು ಓದಿದರೆ, ನಿಮ್ಮಲ್ಲೂ ಇಂಥ ಪುಸ್ತಕ ಶುರು ಮಾಡಿ. ಕಾಲಂಗಳನ್ನು ಹೇಗೆ ಹಾಕಬೇಕು ಅಂತ ನಾವು ಹೇಳಿಕೊಡುತ್ತೇವೆ.